ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿನ ಎಕ್ಸಿಲರೇಟರನ್ನು ಒತ್ತಿದಾಗ ಬಾನೆಟ್ಟಿನ ಅಡಿಯಿಂದ ಎಂದೂ ಕೇಳದ ಸದ್ದೊಂದು ಕೇಳಿಬಂದರೆ ನಮ್ಮವರು ಮಾಡುವ ಮೊದಲ ಕೆಲಸವೇನು? ಹಾಡಿನ ಧ್ವನಿಯನ್ನು ಒಂದಿಷ್ಟು ಏರಿಸುವುದು. ಎರಡನೆಯ ಕೆಲಸ, ಪಕ್ಕದಲ್ಲಿ ಕುಳಿತ ಮನೆಯಾಕೆ "ಏನ್ರೀ ಅದು ಸದ್ದು?" ಎಂದು ಕೇಳಿದರೆ "ಏನಿಲ್ಲ, ರಸ್ತೆ ಸರಿಯಿಲ್ಲ" ಎಂದು ಬಾಯಿ ಮುಚ್ಚಿಸುವುದು. ಮೂರನೆಯ ಕೆಲಸ, ಸದ್ದು ಹಾಡನ್ನೂ ಮೀರಿ ಬೆಳೆದ ಮೇಲೆ ಗಾಡಿಯನ್ನು ಗ್ಯಾರೇಜಿಗೆ ಒಯ್ದು, "ಏನೋ ಆವಾಜು ಬರ್ತಿದೆ, ನೋಡಿ ಸರಿಮಾಡಿಬಿಡಿ" ಎಂದು ಕೀಲಿಕೈ ಒಪ್ಪಿಸಿ ಆಫೀಸಿಗೆ ಓಡುವುದು. ಸಂಜೆಗೆ ಬಿಲ್ಲು ಸಿದ್ಧವಾಗಿರುತ್ತದೆ. ಅದರಲ್ಲಿ ಐದಾರು ಭಾಗಗಳ ಹೆಸರುಗಳಿರುತ್ತವೆ. ಹಣ ಕೊಟ್ಟು ಗಾಡಿ ಹೊರಗೆ ತಂದು ಎರಡನೆಯ ಸಿಗ್ನಲ್ ದಾಟುವಷ್ಟರಲ್ಲಿ ಹಳೆಯ ಸದ್ದು ಹಳೆಯ ಸ್ನೇಹಿತನಂತೆ ಮತ್ತೆ ಮಾತನಾಡಿಸುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಕಾಲದ ಗ್ಯಾರೇಜುಗಳನ್ನು ಕಂಡೇ ಹುಟ್ಟಿತೇನೋ ಎಂಬ ಅನುಮಾನ ಬರುತ್ತದೆ. ಜ್ವರವಿರುವುದು ಎಂಜಿನ್ ಮೌಂಟಿಂಗಿಗೆ, ಬರೆ ಬೀಳುವುದು ಕ್ಲಚ್ ಪ್ಲೇಟಿಗೆ. ಜ್ವರವಿರುವುದು ಚಕ್ರದ ಬೇರಿಂಗಿಗೆ, ಬರೆ ಬೀಳುವುದು ಗೇರ್ ಬಾಕ್ಸಿಗೆ. ಬರೆಯ ಉರಿ ಮಾತ್ರ ಪ್ರತಿಸಲವೂ ಯಜಮಾನನ ಜೇಬಿಗೆ.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಾರಣ ತಿಳಿಯದೆ ಭಾಗ ಬದಲಿಸುವುದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಅದು ಬಿಡಿಭಾಗಗಳ ವ್ಯಾಪಾರ. ಈ ವ್ಯಾಪಾರ ಇಷ್ಟು ಸೊಗಸಾಗಿ ನಡೆಯುತ್ತಿರುವುದಕ್ಕೆ ಗ್ಯಾರೇಜಿನವರು ಎಷ್ಟು ಹೊಣೆಯೋ, ಗಾಡಿಯ ಯಜಮಾನರಾದ ನಾವೂ ಅಷ್ಟೇ ಹೊಣೆ. ಇನ್ನೂ ನಿಷ್ಠುರವಾಗಿ ಹೇಳಬೇಕೆಂದರೆ, ಒಂದು ಗುಂಜಿ ಹೆಚ್ಚೇ ಹೊಣೆ. ಈ ಮಾತು ಕೆಲವರಿಗೆ ಕಹಿಯಾದೀತು. ಆದರೂ ಹೇಳಲೇಬೇಕಾಗಿದೆ.

ಸಂಘದ ಪತ್ರಿಕೆಯಲ್ಲಿ ಕಾರಿನ ಗಡಗಡವೇಕೆ ಎಂದು ಹುಬ್ಬೇರಿಸುವವರಿಗೆ ಉತ್ತರ ಇಲ್ಲಿದೆ. ಹೊರನಾಡಿನಲ್ಲಿರುವ ನಮಗೆ ಕಾರೆಂದರೆ ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿಬರುವ ಅನುಕೂಲವಷ್ಟೇ ಆಗಿ ಉಳಿದಿಲ್ಲ. ಬೇಸಿಗೆ ರಜೆ ಬಂದಿತೆಂದರೆ, ಚೌತಿ ಹತ್ತಿರವಾಯಿತೆಂದರೆ, ಅದೇ ನಮ್ಮನ್ನು ಊರು ಮುಟ್ಟಿಸುವ ರಥ. ಮುಂಬಯಿ-ಪುಣೆಯವರು ಖಂಬಾಟಕಿ ಘಾಟಿ ಹತ್ತಿ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ ಸೇರುತ್ತಾರೆ. ಕರಾವಳಿಯವರು ಅಲ್ಲಿಂದ ಮುಂದೆ ಹುಬ್ಬಳ್ಳಿಯ ಕಡೆಯಿಂದ ಅರಬೈಲು ಘಾಟಿ ಇಳಿಯಬೇಕು. ಇಲ್ಲವೇ ಮೊದಲೇ ಕೊಂಕಣದ 66ನೆಯ ಹೆದ್ದಾರಿ ಹಿಡಿಯಬೇಕು. ಚೆನ್ನೈನವರು ವೇಲೂರು, ಕೃಷ್ಣಗಿರಿ, ಹೊಸೂರಿನ ದಾರಿಯಲ್ಲಿ, ಹೈದರಾಬಾದಿನವರು ಕರ್ನೂಲಿನ ದಾರಿಯಲ್ಲಿ ಬರುತ್ತಾರೆ. ಒಳಗೆ ಐದು ಜನ, ಹಿಂದೆ ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲೂ, ಎದುರಿಗೆ ಏರು. ವರ್ಷವಿಡೀ ಪೇಟೆಯಲ್ಲಿ ಅರ್ಧ ಎಕ್ಸಿಲರೇಟರಿನಲ್ಲಿ ತೆವಳಿದ ಗಾಡಿಗೆ ನಿಜವಾದ ಹೊರೆ ಬೀಳುವುದು ಅಂದೇ. ಪೇಟೆಯಲ್ಲಿ ಪಿಸುಗುಟ್ಟುತ್ತಿದ್ದ ದೋಷ ಘಾಟಿಯ ತಿರುವಿನಲ್ಲಿ ಬಾಯಿ ಬಿಟ್ಟು ಕೂಗುತ್ತದೆ. ಆಗ ಮಧ್ಯರಾತ್ರಿ, ಮಕ್ಕಳು ನಿದ್ದೆಯಲ್ಲಿ, ಹಿಂದಿನಿಂದ ಲಾರಿಗಳ ಸಾಲು. "ಊರಿಗೆ ಹೋಗಿ ಬಂದ ಮೇಲೆ ನೋಡೋಣ" ಎಂದವರು ಊರಿಗೆ ಹೋಗುವುದೇ ಅನುಮಾನವಾಗುವ ಹೊತ್ತು ಅದು.

ಹೊರೆ ಬಿದ್ದಾಗಲೇ ಸತ್ಯ

ಎಕ್ಸಿಲರೇಟರ್ ಒತ್ತಿದಾಗಲೇ ಏಕೆ ಸದ್ದು? ಒತ್ತಿದೊಡನೆ ಎಂಜಿನ್ನಿನ ಸಿಲಿಂಡರುಗಳಲ್ಲಿ ಒತ್ತಡ ಏರುತ್ತದೆ. ಹೊಗೆ ಕೊಳವೆಯಲ್ಲಿ ಹರಿವು ಹೆಚ್ಚುತ್ತದೆ. ಎಂಜಿನ್ ತನ್ನ ರಬ್ಬರಿನ ಮೌಂಟಿಂಗುಗಳ ಮೇಲೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಡ್ರೈವ್ ಶಾಫ್ಟುಗಳು ಹೆಚ್ಚಿನ ಬಲವನ್ನು ಚಕ್ರಕ್ಕೆ ಸಾಗಿಸಬೇಕಾಗುತ್ತದೆ. ಈ ಸರಪಳಿಯಲ್ಲಿ ಸಡಿಲವಾದ, ಸವೆದ, ಹರಿದ ಕೊಂಡಿ ಎಲ್ಲಿದೆಯೋ ಅದು ಆ ಕ್ಷಣದಲ್ಲಿ ನರಳುತ್ತದೆ. ಭಾರ ಹೊತ್ತ ಹಮಾಲಿಗೆ ಸೊಂಟನೋವು ಗೊತ್ತಾಗುವುದು ಮೂಟೆ ಎತ್ತಿದಾಗಲೇ ಹೊರತು ಬೀಡಿ ಸೇದುತ್ತ ಕುಳಿತಾಗ ಅಲ್ಲ. ಗ್ಯಾರೇಜಿನ ಅಂಗಳದಲ್ಲಿ ನಿಂತ ಗಾಡಿಯ ಬಾನೆಟ್ ಎತ್ತಿ ಎರಡು ಸಲ ರೇಸ್ ಮಾಡಿ "ಏನೂ ಇಲ್ಲ ಸಾಬ್" ಎನ್ನುವವನ ಪರೀಕ್ಷೆ ಕುಳಿತ ಹಮಾಲಿಯ ಸೊಂಟ ನೋಡಿದಂತೆ. ಗಾಡಿ ಓಡಿಸಿ ನೋಡದೆ ಓಡುವಾಗಿನ ಸದ್ದಿಗೆ ಔಷಧ ಹೇಳುವವನನ್ನು ನಂಬಬೇಡಿ.

ಹಾಗಾದರೆ ನಾವು ಮಾಡಬೇಕಾದ್ದೇನು? ಸ್ಪ್ಯಾನರ್ ಹಿಡಿಯಬೇಕಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡು ಉತ್ತರವನ್ನು ಒಂದು ಚೀಟಿಯಲ್ಲಿ ಬರೆದರೆ ಸಾಕು.

ಮೊದಲನೆಯದು: ಸದ್ದು ಎಂಜಿನ್ನಿನ ವೇಗದ ಜೊತೆಗೆ ಏರುತ್ತದೆಯೋ, ಗಾಡಿಯ ವೇಗದ ಜೊತೆಗೆ ಏರುತ್ತದೆಯೋ? ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗಲೂ ಸದ್ದು ಬಂದರೆ ಅದು ಎಂಜಿನ್, ಬೆಲ್ಟು ಅಥವಾ ಸೈಲೆನ್ಸರಿನ ಕಡೆಯದು. ನಿಂತಾಗ ಇಲ್ಲ, ಓಡುವಾಗ ಮಾತ್ರ ಇದೆ, ಗೇರು ಬದಲಾಯಿಸಿದರೂ ಒಂದೇ ರಾಗ ಎಂದಾದರೆ ಚಕ್ರ, ಬೇರಿಂಗು, ಟೈರುಗಳ ಕಡೆಗೆ ನೋಡಬೇಕು. ಎರಡನೆಯದು: ಅದೇ ವೇಗದಲ್ಲಿ ಕಾಲು ತೆಗೆದರೆ ನಿಲ್ಲುತ್ತದೆಯೋ? ನಿಂತರೆ ಅದು ಹೊರೆಯ ಸದ್ದು. ಮೂರನೆಯದು: ಸ್ಟಿಯರಿಂಗ್ ತಿರುಗಿಸಿದಾಗ ಬದಲಾಗುತ್ತದೆಯೋ? ನಾಲ್ಕನೆಯದು: ಬೆಳಿಗ್ಗೆ ತಣ್ಣಗಿರುವಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ?

ಒಂದು ಎಚ್ಚರಿಕೆಯ ಮಾತು. ಈ ಪರೀಕ್ಷೆಗಳನ್ನು ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಮಾಡಬೇಕು. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಕೂಡದು. ಓಡುವ ಗಾಡಿಯ ಎಂಜಿನ್ ಆರಿಸಕೂಡದು. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವು ಹೋಗುತ್ತದೆ. ಸದ್ದು ಹುಡುಕಹೋಗಿ ಪ್ರಾಣಕ್ಕೇ ಸಂಚಕಾರ ತಂದುಕೊಂಡಂತಾಗುತ್ತದೆ.

ಯಾವ ಸದ್ದು, ಯಾರ ಸದ್ದು

ಈ ನಾಲ್ಕು ಪ್ರಶ್ನೆಗಳ ಬಲ ಎಷ್ಟೆಂಬುದನ್ನು ನೋಡೋಣ. ಚಳಿಯ ಬೆಳಿಗ್ಗೆಯೋ ಮಳೆಯಲ್ಲೋ ಒತ್ತಿದೊಡನೆ "ಕಿರ್ರ್" ಎಂದು ಚೀರಿ, ಎ.ಸಿ. ಹಾಕಿದರೆ ಇನ್ನಷ್ಟು ಚೀರುವುದು ಹೆಚ್ಚಾಗಿ ಬೆಲ್ಟು. ಅದು ಸಡಿಲವಾಗಿ ಜಾರುತ್ತಿರಬಹುದು, ಬಿರುಕು ಬಿಟ್ಟಿರಬಹುದು, ಅದನ್ನು ಬಿಗಿಹಿಡಿಯುವ ಪುಲ್ಲಿ ಸವೆದಿರಬಹುದು. ಕೆಲವು ಗಾಡಿಗಳಲ್ಲಿ ಎಂಜಿನ್ನನ್ನು ತಣ್ಣಗಿಡುವ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಅದು ಘಾಟಿಯಲ್ಲಿ ಹರಿದರೆ ಬ್ಯಾಟರಿಯೂ ಹೋಯಿತು, ಎಂಜಿನ್ನೂ ಕಾದು ಕೆಟ್ಟಿತು. ಅಗ್ಗದ ಈ ರಬ್ಬರ್ ಪಟ್ಟಿಯ ಚೀರಾಟಕ್ಕೆ ಹಾಡಿನ ಧ್ವನಿ ಏರಿಸುವುದು ಎಂಥ ಬುದ್ಧಿವಂತಿಕೆ?

ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒತ್ತಿದಾಗ "ಕಟಕಟ ಕಟಕಟ" ಎಂದರೆ ಮುಂದಿನ ಚಕ್ರದ ಸಿ.ವಿ. ಜಾಯಿಂಟ್ ಸವೆದಿರುವ ಸೂಚನೆ. ಮುಂದಿನ ಚಕ್ರಗಳಿಗೆ ಬಲ ಕೊಡುವ ಗಾಡಿಗಳಲ್ಲೆಲ್ಲ ಈ ಕೀಲು ಇದೆ. ಇದಕ್ಕೆ ಒಂದು ರಬ್ಬರಿನ ಅಂಗಿ ತೊಡಿಸಿ ಒಳಗೆ ಗ್ರೀಸ್ ತುಂಬಿರುತ್ತಾರೆ. ಅಂಗಿ ಹರಿದರೆ ಗ್ರೀಸ್ ಹೊರಗೆ ಚಿಮ್ಮಿ ಚಕ್ರದ ಒಳಮೈಗೆ ಮೆತ್ತಿಕೊಳ್ಳುತ್ತದೆ. ಧೂಳು, ನೀರು ಒಳಗೆ ಸೇರಿ ಕೀಲನ್ನು ಅರೆಯುತ್ತವೆ. ಅಂಗಿ ಹರಿದಾಗಲೇ ಕಂಡಿದ್ದರೆ ಹೊಸ ಅಂಗಿ, ಹೊಸ ಗ್ರೀಸಿನಲ್ಲಿ ಮುಗಿಯುತ್ತಿತ್ತು. ಕಟಕಟ ಶುರುವಾದ ಮೇಲೆ ಕೀಲನ್ನೋ ಇಡೀ ಶಾಫ್ಟನ್ನೋ ಬದಲಿಸಬೇಕು.

ಗೇರು ಬದಲಿಸಿ ಕ್ಲಚ್ ಬಿಟ್ಟೊಡನೆ, ಅಥವಾ ಕಾಲು ಒತ್ತಿದಾಗಲೊಮ್ಮೆ ತೆಗೆದಾಗಲೊಮ್ಮೆ "ಧಡ್" ಎಂದು ಹೊಡೆದರೆ ಎಂಜಿನ್ ಮೌಂಟಿಂಗ್ ನೋಡಿ. ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುವುದು ಸಹಜ. ಕ್ಲಚ್ ಪೆಡಲ್ ತುಳಿದಾಗ ಮಾತ್ರ ಬರುವ ಸದ್ದು ಕ್ಲಚ್ಚಿನ ರಿಲೀಸ್ ಬೇರಿಂಗಿನ ಕಡೆಗೆ ಬೆರಳು ತೋರಿಸುತ್ತದೆ. ತುಳಿದೊಡನೆ ನಿಲ್ಲುವ ಸದ್ದು ಗೇರ್ ಬಾಕ್ಸಿನೊಳಗಿನ ಬೇರಿಂಗಿನ ಕಡೆಗೆ. ವ್ಯತ್ಯಾಸ ಇಷ್ಟೆ: ಕಾಲು ಕೆಳಗೋ, ಮೇಲೋ. ಈ ಒಂದು ಸಂಗತಿಯನ್ನು ಗಮನಿಸದೆ ಗೇರ್ ಬಾಕ್ಸ್ ಬಿಚ್ಚಿಸಿದವರನ್ನು ಕಂಡರೆ ಬೆಟ್ಟ ಅಗೆದು ಇಲಿ ಹಿಡಿದವರೇ ವಾಸಿ ಎನ್ನಬೇಕು; ಅವರಿಗೆ ಇಲಿಯಾದರೂ ಸಿಕ್ಕಿತ್ತು.

ವೇಗ ಹೆಚ್ಚಿದಂತೆ "ಗುಂಯ್" ಎಂದು ಏರುತ್ತ, ಕಾಲು ತೆಗೆದರೂ ನಿಲ್ಲದೆ, ಬಲಕ್ಕೋ ಎಡಕ್ಕೋ ತಿರುಗಿದಾಗ ಹೆಚ್ಚುಕಡಿಮೆಯಾಗುವುದು ಚಕ್ರದ ಬೇರಿಂಗ್. ರಸ್ತೆಯ ಮೈ ಬದಲಾದಂತೆ, ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ರಾಗ ಬದಲಿಸುವುದು ಟೈರು. ಇವೆರಡನ್ನು ಬೇರೆ ಬೇರೆ ಎಂದು ತಿಳಿಯುವುದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ವಿದ್ಯುತ್ ಕಾರು ಕೊಂಡವರು "ನಮಗೆ ಎಂಜಿನ್ನೇ ಇಲ್ಲ" ಎಂದು ನಿಶ್ಚಿಂತರಾಗುವುದು ಬೇಡ. ಬೇರಿಂಗು, ಟೈರು, ಡ್ರೈವ್ ಶಾಫ್ಟಿನ ಕೀಲು ಅವರಿಗೂ ಉಂಟು. ಗಾಡಿ ನಿಶ್ಶಬ್ದವಾದುದರಿಂದ ಇವುಗಳ ಸದ್ದು ಇನ್ನೂ ಚೆನ್ನಾಗಿ ಕೇಳುತ್ತದೆ.

ಬೆಳಿಗ್ಗೆ ತಣ್ಣಗಿರುವಾಗ ಒತ್ತಿದರೆ "ಟಕಟಕ" ಎಂದು, ಬಿಸಿಯಾದಂತೆ ಕಡಿಮೆಯಾಗುವ ಸದ್ದು ಹಲವು ಸಲ ಹೊಗೆ ಕೊಳವೆ ಎಂಜಿನ್ನಿಗೆ ಕೂಡುವಲ್ಲಿನ ಸೋರಿಕೆ. ಕಾದ ಲೋಹ ಹಿಗ್ಗಿ ಸಂದನ್ನು ಮುಚ್ಚುವುದರಿಂದ ಸದ್ದು ಅಡಗುತ್ತದೆ, ಯಜಮಾನನೂ ಸಮಾಧಾನಪಡುತ್ತಾನೆ. ಆದರೆ ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಏರಿಸಿಕೊಂಡು ಹೋಗುವ ಗಾಡಿಯೊಳಗೆ ಅದು ನುಸುಳಿದರೆ ತಲೆನೋವು, ಮಂಪರು, ಮುಂದೆ ಪ್ರಾಣಾಪಾಯ. ಈ ಟಕಟಕವನ್ನು ತಾತ್ಸಾರ ಮಾಡುವವರು ಹಿಂದಿನ ಸೀಟಿನಲ್ಲಿ ಮಲಗಿದ ಮಕ್ಕಳ ಮುಖವನ್ನೊಮ್ಮೆ ನೋಡಲಿ.

ಇನ್ನು ಏರು ಹತ್ತುವಾಗ, ಮೇಲಿನ ಗೇರಿನಲ್ಲಿ ನಿಧಾನವಾಗಿರುವಾಗ ಒತ್ತಿದರೆ ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಕೇಳುವ ಸದ್ದು. ಇದೇ ನಾಕಿಂಗ್. ಸಿಲಿಂಡರಿನೊಳಗಿನ ಪೆಟ್ರೋಲು ಕ್ರಮವಾಗಿ ಉರಿಯುವ ಬದಲು ಒಂದು ಮೂಲೆಯಲ್ಲಿ ತಾನಾಗಿ ಸಿಡಿಯುವುದರಿಂದ ಇದು ಹುಟ್ಟುತ್ತದೆ. ಮೊದಲ ಔಷಧಕ್ಕೆ ಕಾಸು ಬೇಕಿಲ್ಲ: ಒಂದು ಗೇರು ಇಳಿಸಿ. ನಾಲ್ಕನೆಯ ಗೇರಿನಲ್ಲೇ ಘಾಟಿ ಹತ್ತಿಸಿ ಪೆಟ್ರೋಲು ಉಳಿಸುವೆನೆಂಬ ಜಿಪುಣತನ ಪಿಸ್ಟನ್ನಿಗೆ ಮುಳುವು. ಇಂದಿನ ಗಾಡಿಗಳಲ್ಲಿ ನಾಕಿಂಗನ್ನು ಕೇಳಿಸಿಕೊಂಡು ಕಿಡಿಯ ಹೊತ್ತನ್ನು ಹಿಂದಕ್ಕೆ ಸರಿಸುವ ಸೆನ್ಸರ್ ಇರುತ್ತದೆ. ಅದನ್ನೂ ಮೀರಿ ಸದ್ದು ಬಂದರೆ ಎಂಜಿನ್ ಅತಿಯಾಗಿ ಕಾಯುತ್ತಿದೆಯೇ, ಒಳಗೆ ಕರಿ ಕಟ್ಟಿದೆಯೇ, ಸ್ಪಾರ್ಕ್ ಪ್ಲಗ್ ಸರಿಯಾದುದೇ ಎಂದು ಕ್ರಮವಾಗಿ ನೋಡಬೇಕು.

ಇಲ್ಲೊಂದು ಹೊಸ ಮೂಢನಂಬಿಕೆಯ ಮಾತನ್ನೂ ಆಡಬೇಕು. 2025ರಲ್ಲಿ ನಮ್ಮ ದೇಶ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಬೆರೆಸುವ ಗುರಿ ಮುಟ್ಟಿದ ಮೇಲೆ ಯಾವ ಸದ್ದಿಗೂ "ಎಥನಾಲ್, ಸಾಬ್" ಎಂಬ ಉತ್ತರ ಸಿದ್ಧವಾಗಿದೆ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಸೀಲುಗಳಿಗೆ ಎಥನಾಲ್ ಒಗ್ಗದಿರಬಹುದು. ಮೈಲೇಜು ಒಂದಿಷ್ಟು ಇಳಿಯುವುದೂ ನಿಜ. ಆ ದೂರುಗಳಿಗೆ ಅರ್ಥವಿದೆ. ಆದರೆ ಎಥನಾಲಿನ ಆಕ್ಟೇನ್ ಅಂಕ ಪೆಟ್ರೋಲಿಗಿಂತ ಹೆಚ್ಚು. ಅದು ನಾಕಿಂಗನ್ನು ತಡೆಯುವ ವಸ್ತು. ಗೋಲಿ ಕುಲುಕುವ ಸದ್ದಿಗೆ ಅದನ್ನೇ ಹೊಣೆಮಾಡುವವನು ಕಾರಣ ಹುಡುಕುವ ಶ್ರಮ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದೇ ತಿಳಿಯಬೇಕು.

ಕೊನೆಯದಾಗಿ, ಎಂಜಿನ್ನಿನ ತಳದಿಂದ ಬರುವ "ಢಬ್ ಢಬ್" ಎಂಬ ಗಂಭೀರವಾದ ಕುಟ್ಟುವ ಸದ್ದು, ಒತ್ತಿದಷ್ಟೂ ಹೆಚ್ಚುವಂಥದು. ಇದು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಸದ್ದಾಗಿರಬಹುದು. ಜೊತೆಗೆ ಎಣ್ಣೆಯ ಕೆಂಪು ದೀಪ ಹೊತ್ತಿದರಂತೂ ಸುರಕ್ಷಿತವಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿಬಿಡಿ. "ಮುಂದಿನ ಊರಿನವರೆಗೆ" ಎಂದು ಓಡಿಸಿದರೆ ಮುಂದಿನ ಊರಿನಲ್ಲಿ ಹೊಸ ಎಂಜಿನ್ ಕೊಳ್ಳಬೇಕಾದೀತು. ವಾರಕ್ಕೊಮ್ಮೆ ಎಣ್ಣೆಯ ಕಡ್ಡಿ ಎಳೆದು ಮಟ್ಟ ನೋಡುವ ಒಂದು ನಿಮಿಷದ ಅಭ್ಯಾಸವಿದ್ದವರಿಗೆ ಈ ಗತಿ ಬರುವುದು ಅಪರೂಪ.

ನಮ್ಮ ಪರಿಚಯದ ಗೃಹಸ್ಥರೊಬ್ಬರ ಗಾಡಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಝರ್ ಎಂದು ಅದುರುತ್ತಿತ್ತು. ಒಂದು ದೊಡ್ಡ ವರ್ಕ್‌ಶಾಪಿನವರು ಸೈಲೆನ್ಸರ್ ಬದಲಿಸಿದರು. ಸದ್ದು ಹೋಗಲಿಲ್ಲ. ಎಂಜಿನ್ ಮೌಂಟಿಂಗ್ ಬದಲಿಸಿದರು. ಸದ್ದು ಕದಲಲಿಲ್ಲ. ಕೊನೆಗೆ ಗಲ್ಲಿಯೊಂದರ ವೆಲ್ಡಿಂಗ್ ಅಂಗಡಿಯ ಹುಡುಗ ಗಾಡಿಯ ಅಡಿಗೆ ತೂರಿ, ಹೊಗೆ ಕೊಳವೆಯ ಮೇಲಿನ ಶಾಖ ತಡೆಯುವ ತಗಡು ತುಕ್ಕು ಹಿಡಿದು ಸಡಿಲವಾದುದನ್ನು ಕೈಯಿಂದ ಅಲುಗಿಸಿ ತೋರಿಸಿದ. ಒಂದು ಕ್ಲಾಂಪ್ ಬಿಗಿದ, ಸದ್ದು ನಿಂತಿತು. ದೊಡ್ಡ ವರ್ಕ್‌ಶಾಪಿನವರ ಬಳಿ ಯಂತ್ರಗಳಿದ್ದವು, ಎ.ಸಿ. ಹಾಕಿದ ಕೋಣೆಯಿತ್ತು, ಕಾಫಿಯೂ ಇತ್ತು. ಗಾಡಿಯ ಅಡಿಗೆ ತೂರುವ ಮನಸ್ಸು ಮಾತ್ರ ಇರಲಿಲ್ಲ.

ಸ್ಕ್ಯಾನರ್ ಎಂಬ ಹೊಸ ದೈವ

"ಈಗೆಲ್ಲ ಕಂಪ್ಯೂಟರ್ ಹೇಳುತ್ತದೆ" ಎನ್ನುವವರೊಂದು ಪಂಥವಿದೆ. ಸ್ಕ್ಯಾನರ್ ಉಪಯುಕ್ತ ಸಾಧನವೇ, ಸಂದೇಹವಿಲ್ಲ. ಆದರೆ ಅದು ಓದುವುದು ಸೆನ್ಸರುಗಳು ಬರೆದಿಟ್ಟದ್ದನ್ನು. ಹರಿದ ರಬ್ಬರ್ ಅಂಗಿಗೆ ಸೆನ್ಸರ್ ಇಲ್ಲ. ಬಿರುಕು ಬಿಟ್ಟ ಸಾಮಾನ್ಯ ಮೌಂಟಿಂಗಿಗೆ ಸೆನ್ಸರ್ ಇಲ್ಲ. ಸಡಿಲ ತಗಡಿಗೆ ಸೆನ್ಸರ್ ಇಲ್ಲ. ಇನ್ನು ಅದು ತೋರಿಸುವ ಕೋಡ್ ಕೂಡ ಎಲ್ಲಿ ಏರುಪೇರಾಗಿದೆ ಎಂಬುದರ ಸುಳಿವಷ್ಟೆ. P0300 ಎಂದರೆ ಸಿಲಿಂಡರುಗಳಲ್ಲಿ ಉರಿಯುವಿಕೆ ತಪ್ಪುತ್ತಿದೆ ಎಂದರ್ಥ. ಪ್ಲಗ್ಗು ಕೆಟ್ಟಿದೆಯೋ, ಕಾಯಿಲ್ ಕೆಟ್ಟಿದೆಯೋ, ಇಂಜೆಕ್ಟರ್ ಕಟ್ಟಿದೆಯೋ, ಗಾಳಿ ಸೋರುತ್ತಿದೆಯೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಥರ್ಮಾಮೀಟರ್ ಜ್ವರವನ್ನು ತೋರಿಸೀತು. ಅದು ಮಲೇರಿಯವೋ ಟೈಫಾಯ್ಡೋ ಎಂದು ಹೇಳೀತೆ?

ಅದೇ ರೀತಿ, ಹಿಂದಿನ ಕಾಲದ ಗಾಡಿಗಳೇ ಚೆಂದ ಎಂದು ನಿಟ್ಟುಸಿರು ಬಿಡುವ ಹಿರಿಯರೂ ನಮ್ಮಲ್ಲಿದ್ದಾರೆ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಕಣ್ಮರೆಯಾದಾಗ ಕಣ್ಣೀರಿಟ್ಟವರು ಇವರೇ. ಆ ಗಾಡಿಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪದ್ಮಿನಿಯ ಟ್ಯಾಕ್ಸಿಯವನು ಪ್ರೊಪೆಲ್ಲರ್ ಶಾಫ್ಟಿನ ಟಕ್ ಎಂಬ ಸದ್ದಿಗೆ ಯೂನಿವರ್ಸಲ್ ಜಾಯಿಂಟ್ ಎಂದು ಹೇಳಬಲ್ಲವನಾದದ್ದು ಗಾಡಿ ಹಳೆಯದಾದುದರಿಂದಲ್ಲ, ಅವನು ಕಿವಿಗೊಟ್ಟುದರಿಂದ. ಆ ಕಿವಿ ಇಂದೂ ನಮಗಿದೆ. ಬಳಸುವವರಿಲ್ಲ.

ನಮ್ಮ ಬಾಯಲ್ಲಿ ಪದವಿಲ್ಲವೇ?

ಗ್ಯಾರೇಜಿನಲ್ಲಿ ನಮ್ಮವರು ಪಡುವ ಪಾಡಿಗೆ ಭಾಷೆಯೂ ಒಂದು ಕಾರಣ ಎಂಬ ನೆಪ ಕೇಳಿಬರುತ್ತದೆ. ಮುಂಬಯಿಯಲ್ಲಿ ಹಿಂದಿ-ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, "ಅವರಿಗೆ ಹೇಗೆ ವಿವರಿಸುವುದು?" ಎನ್ನುತ್ತಾರೆ. ಕನ್ನಡಿಗರ ಬಾಯಿಂದ ಈ ಮಾತು ಬರುವುದು ಸೋಜಿಗ. ಸದ್ದನ್ನು ಸದ್ದಿನಿಂದಲೇ ಹೇಳುವ ಪದಗಳಿಗೆ ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಹೆಸರೇ ಇದೆ. ಕಟಕಟ ಬೇರೆ, ಗಟಗಟ ಬೇರೆ. ಟಕಟಕ ಬೇರೆ, ಢಬಢಬ ಬೇರೆ. ಝಣಝಣ, ಗೊರಗೊರ, ಚಟಚಟ, ಸುಯ್, ಗುಂಯ್, ಕಿರ್ರ್ ಒಂದೊಂದಕ್ಕೂ ಅದರದೇ ನಾದ. ನಮ್ಮ ಅಜ್ಜಿಯರು ಒಲೆಯ ಮುಂದೆ ಕೂತು ಒಗ್ಗರಣೆ ಚಟಪಟ ಎಂದಿತೋ ಚುಂಯ್ ಎಂದಿತೋ ಎಂಬುದರಿಂದ ಎಣ್ಣೆಯ ಕಾವು ಹೇಳುತ್ತಿದ್ದರು. "ಬಲಕ್ಕೆ ತಿರುಗಿಸಿ ಒತ್ತಿದರೆ ಕಟಕಟ" ಎಂದು ಕೈಯಲ್ಲಿ ತೋರಿಸಿ ಹೇಳಿದರೆ ಅದು ಅರ್ಥವಾಗದ ಮೆಕ್ಯಾನಿಕ್ ಯಾವ ಭಾಷೆಯಲ್ಲೂ ಇಲ್ಲ. ಕಟಕಟಕ್ಕೆ ಅನುವಾದ ಬೇಕಿಲ್ಲ. "ಕುಛ್ ಆವಾಜ್ ಆತಾ ಹೈ" ಎಂಬ ಮೂರು ಕಾಸಿನ ಹಿಂದಿಗಿಂತ ಅದು ನೂರು ಪಾಲು ಮೇಲು. ನಮ್ಮ ನುಡಿಯ ಈ ಸಿರಿಯನ್ನು ರಾಜ್ಯೋತ್ಸವದ ಭಾಷಣಕ್ಕೆ ಮೀಸಲಿಟ್ಟು, ಬೇಕಾದ ಜಾಗದಲ್ಲಿ ಮೂಕರಾಗುವುದು ಎಂಥ ಅಭಿಮಾನ?

ನೋಡುವುದಕ್ಕೂ ದುಡ್ಡೇ?

ಈಗ ಕಹಿಯ ಮಾತು. ಗ್ಯಾರೇಜಿನವರೇಕೆ ಕಾರಣ ಹುಡುಕುವುದಿಲ್ಲ? ಹುಡುಕುವುದಕ್ಕೆ ನಾವು ಹಣ ಕೊಡುವುದಿಲ್ಲ, ಅದಕ್ಕೆ. ಅರ್ಧ ದಿನ ಗಾಡಿ ಓಡಿಸಿ, ಅಡಿಗೆ ಮಲಗಿ, ಒಂದೊಂದೇ ಅನುಮಾನ ಕಳೆದು, ಕೊನೆಗೆ ಹತ್ತು ರೂಪಾಯಿಯ ಬೋಲ್ಟ್ ಬಿಗಿದವನು ತನ್ನ ದುಡಿಮೆಗೆ ತಕ್ಕ ಹಣ ಕೇಳಿದರೆ ನಾವು "ಬರೀ ನೋಡಿದ್ದಕ್ಕೆ ಇಷ್ಟೇ? ಬೋಲ್ಟಿಗೆ ಎಷ್ಟು ಹೇಳಪ್ಪ" ಎಂದು ಚೌಕಾಸಿಗೆ ನಿಲ್ಲುತ್ತೇವೆ. ಅದೇ ಮನುಷ್ಯ ಏನೂ ಹುಡುಕದೆ ಸಾವಿರಾರು ರೂಪಾಯಿಯ ಭಾಗವೊಂದನ್ನು ತೊಡಿಸಿದರೆ, ಹೊಳೆಯುವ ಹೊಸ ಡಬ್ಬಿ ಕಂಡು ಮರುಮಾತಿಲ್ಲದೆ ಎಣಿಸುತ್ತೇವೆ. ಬುದ್ಧಿಗೆ ಬೆಲೆ ಕಟ್ಟದೆ ಡಬ್ಬಿಗೆ ಬೆಲೆ ಕಟ್ಟುವ ಗಿರಾಕಿಗೆ ಡಬ್ಬಿಯೇ ಸಿಗುತ್ತದೆ. ಇದರಲ್ಲಿ ಆಶ್ಚರ್ಯವೇನು?

"ಪಾಪ, ಬಡವರು, ಅವರೂ ಬದುಕಬೇಡವೇ?" ಎಂದು ಕರುಣೆ ತೋರುವವರಿಗೂ ನನ್ನ ಉತ್ತರ ಇದೇ. ಖಂಡಿತ ಬದುಕಬೇಕು, ತಮ್ಮ ಕಿವಿಯಿಂದ, ಕೈಚಳಕದಿಂದ, ಅನುಭವದಿಂದ ಬದುಕಬೇಕು. ಭಾಗ ಮಾರಿ ಬದುಕುವ ಹಾಗೆ ಮಾಡಿ ನಾವು ಒಳ್ಳೆಯ ಕಸುಬುದಾರನನ್ನು ಅಂಗಡಿಕಾರನನ್ನಾಗಿ ಇಳಿಸುತ್ತಿದ್ದೇವೆ. ಅವನ ಕೈಕೆಳಗಿನ ಹುಡುಗನೂ ಹುಡುಕುವ ವಿದ್ಯೆಯನ್ನು ಕಲಿಯದೆ ಬಿಚ್ಚಿ ತೊಡಿಸುವುದನ್ನಷ್ಟೇ ಕಲಿಯುತ್ತಾನೆ. "ನಮಗೇನು ಗೊತ್ತಾಗುತ್ತದೆ, ಅವರಿಗೇ ಬಿಡೋಣ" ಎನ್ನುವವರಿಗೆ ಒಂದು ಪ್ರಶ್ನೆ: ಡಾಕ್ಟರ ಬಳಿ ಹೋದಾಗ ಹೊಟ್ಟೆಯಲ್ಲಿ ಎಲ್ಲಿ ನೋವು, ಯಾವಾಗ ನೋವು ಎಂದು ಹೇಳುವುದಿಲ್ಲವೇ? ಹೇಳಲು ನೀವು ವೈದ್ಯಶಾಸ್ತ್ರ ಓದಿದ್ದೀರಾ?

ಆದ್ದರಿಂದ ಪ್ರತಿಯೊಬ್ಬ ಗಾಡಿಯ ಯಜಮಾನನೂ ಮುಂದೆ ಹೀಗೆ ನಡೆದುಕೊಳ್ಳಲಿ. ನಾಲ್ಕು ಪ್ರಶ್ನೆಗಳ ಉತ್ತರದ ಚೀಟಿ ಇಲ್ಲದೆ ಗ್ಯಾರೇಜಿನ ಮೆಟ್ಟಿಲು ಹತ್ತಬಾರದು. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿ ಸದ್ದನ್ನು ಕೇಳಿಸಬೇಕು. ಪತ್ತೆಮಾಡುವ ಕೆಲಸಕ್ಕೆ ಬೇರೆಯೇ ಕೂಲಿ ಗೊತ್ತುಮಾಡಿ, ಚೌಕಾಸಿ ಮಾಡದೆ ಕೊಡಬೇಕು. ಯಾವ ಭಾಗ, ಏಕೆ ಬದಲಿಸಬೇಕು ಎಂಬುದನ್ನು ಕೆಲಸಕ್ಕೆ ಮೊದಲು ಬರೆಸಿಕೊಳ್ಳಬೇಕು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು, ಎಲ್ಲಿ ಸವೆದಿದೆ ಎಂದು ತೋರಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅದೇ ರಸ್ತೆ, ಅದೇ ಗೇರು, ಅದೇ ವೇಗದಲ್ಲಿ ಮತ್ತೊಮ್ಮೆ ಓಡಿಸಿ ನೋಡಿದ ಮೇಲೆಯೇ ಹಣ ಎಣಿಸಬೇಕು.

ಇಷ್ಟಾದರೂ ವಂಚನೆ ನಡೆದರೆ ಕಾನೂನು ನಮ್ಮ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವೆಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಹಣ ಪಡೆದು ಮಾಡಿದ ಕೆಲಸದ ದೋಷವನ್ನು ಸೇವೆಯ ಕೊರತೆ ಎಂದು ಪ್ರಶ್ನಿಸಬಹುದು. ಮೊದಲು 1915 ಸಂಖ್ಯೆಗೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಕೀಲರಿಲ್ಲದೆ ತಾವೇ ವಾದಿಸಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆದರೆ ಬಿಲ್ಲಿಲ್ಲದೆ, "ಜಿ.ಎಸ್.ಟಿ. ಬೇಡ, ಹಾಗೇ ಕೊಡಿ" ಎಂದು ಉಳಿಸಿದವರಿಗೆ ಈ ಯಾವ ಬಾಗಿಲೂ ಸುಲಭವಾಗಿ ತೆರೆಯದು ಎಂಬುದನ್ನು ನೆನಪಿಡಬೇಕು.

ಸಂಘಕ್ಕೂ ಒಂದು ಮಾತು. ನಾವು ವರ್ಷವಿಡೀ ಸನ್ಮಾನ, ಹಳದಿ-ಕುಂಕುಮ, ನಾಟಕ, ಊಟಗಳನ್ನು ನಡೆಸುತ್ತೇವೆ, ಎಲ್ಲವೂ ಬೇಕಾದವೇ. ರಜೆಗೆ ಊರಿಗೆ ಹೊರಡುವ ಮುನ್ನ ಒಂದು ಭಾನುವಾರ ಸಂಘದ ಅಂಗಳದಲ್ಲಿ ಅನುಭವಿ ಮೆಕ್ಯಾನಿಕ್ ಒಬ್ಬನನ್ನು ಕರೆಸಿ, ಕೂಲಿ ಕೊಟ್ಟು, ಹತ್ತು ಗಾಡಿಗಳ ಬಾನೆಟ್ ಎತ್ತಿಸಿದರೆ ಹೇಗೆ? ಗಾಡಿ ಓಡಿಸುವ ಹೆಣ್ಣುಮಕ್ಕಳೂ ಲೈಸೆನ್ಸ್ ಪಡೆದ ತರುಣರೂ ಮುಂದಿನ ಸಾಲಿನಲ್ಲಿ ನಿಂತು ಬೆಲ್ಟು ಯಾವುದು, ರಬ್ಬರ್ ಅಂಗಿ ಯಾವುದು ಎಂದು ಕಣ್ಣಾರೆ ನೋಡಲಿ. ಕಾರಣ ಹೇಳಿ ಕೆಲಸ ಮಾಡುವ ಗ್ಯಾರೇಜುಗಳ ಹೆಸರನ್ನು ಸದಸ್ಯರು ಒಂದು ಪುಸ್ತಕದಲ್ಲಿ ಬರೆದಿಡಲಿ. ಸನ್ಮಾನಕ್ಕೆ ಯೋಗ್ಯರಾದವರ ಪಟ್ಟಿಯಲ್ಲಿ ಅಂಥ ಕಸುಬುದಾರನೊಬ್ಬನ ಹೆಸರು ಸೇರಿದರೆ ಶಾಲಿನ ಮರ್ಯಾದೆಯೂ ಹೆಚ್ಚೀತು.

ಯಂತ್ರ ಸುಳ್ಳು ಹೇಳುವುದಿಲ್ಲ. ಕೆಡುವ ಮೊದಲು ಹಲವು ಸಲ ಅದು ಕೂಗಿ ಹೇಳುತ್ತದೆ, ತನಗೆ ಬರುವ ಒಂದೇ ಭಾಷೆಯಲ್ಲಿ. ಕೇಳಿಸಿಕೊಳ್ಳುವವರಿಗೆ ಅದು ಅಗ್ಗದ ಎಚ್ಚರಿಕೆ. ಕೇಳದವರಿಗೆ ದುಬಾರಿ ಬಿಲ್ಲು. ಈ ಸಲ ಊರಿಗೆ ಹೊರಡುವ ಮೊದಲು ಹಾಡನ್ನು ಹತ್ತು ನಿಮಿಷ ನಿಲ್ಲಿಸಿ, ಗಾಜು ಇಳಿಸಿ, ಒಂದು ಏರು ಹತ್ತಿಸಿ ನೋಡಿ. ಎತ್ತಿಗೆ ಜ್ವರವಿದೆಯೋ ಇಲ್ಲವೋ ಮೊದಲು ತಿಳಿಯಲಿ. ಎಮ್ಮೆಗೆ ಬರೆ ಹಾಕುವ ಕೆಲಸ ಇನ್ನಾದರೂ ನಿಲ್ಲಲಿ.